ಪಂಡಿತನಿಗೂ ಒಂದು ಪರೀಕ್ಷೆ

‘ಪರೀಕ್ಷೆ’ ಎಂಬುದು ಸಂಸ್ಕೃತದಿಂದ ನಮ್ಮ ನುಡಿಗೆ ಬಂದು ಮನೆಮಾತಾಗಿರುವ ಶಬ್ದ. ‘ಪರಿ’ ಎಂಬ ಉಪಸರ್ಗಕ್ಕೆ ಸುತ್ತಲೂ ಎಂಬ ಅರ್ಥ. ‘ಈಕ್ಷ್’ ಧಾತುವಿಗೆ ನೋಡು ಎಂಬ ಅರ್ಥ. ಹೀಗಾಗಿ ಒಂದು ವಸ್ತುವನ್ನು ಎಲ್ಲ ಮಗ್ಗುಲಿನಿಂದಲೂ ಸುತ್ತಿ ನೋಡುವುದಕ್ಕೆ ಪರೀಕ್ಷೆಯೆಂದು ಹೆಸರು. ಅಕ್ಕಸಾಲಿಗನು ಚಿನ್ನವನ್ನು ಒರೆಗಲ್ಲಿನ ಮೇಲೆ ತಿಕ್ಕಿ ನೋಡುತ್ತಾನೆ. ಒಕ್ಕಲಿಗನು ಬಿತ್ತುವ ಬೀಜವನ್ನು ಅಂಗೈಯಲ್ಲಿ ಹರವಿ ನೋಡುತ್ತಾನೆ. ನೇಕಾರನು ನೆಯ್ದ ಸೆರಗನ್ನು ಬೆಳಕಿಗೆ ಹಿಡಿದು ನೋಡುತ್ತಾನೆ. ಶಿಕ್ಷಕನು ಮಕ್ಕಳ ಉತ್ತರಪತ್ರಿಕೆಗಳನ್ನು ತಿರುವಿ ನೋಡುತ್ತಾನೆ. ಆ ಶಿಕ್ಷಕನನ್ನೇ ಸುತ್ತಿ ನೋಡುವ ಪರೀಕ್ಷೆಯೊಂದು ಈಗ ನಮ್ಮ ನಾಡಿನಲ್ಲಿ ನಡೆಯುತ್ತಿದೆ. ಅದಕ್ಕೆ ಶಿಕ್ಷಕರ ಅರ್ಹತಾ ಪರೀಕ್ಷೆ ಎಂದು ಹೆಸರು. ಜನರ ಬಾಯಲ್ಲಿ ಅದು ಟಿಇಟಿ.

ಈ ಸ್ಮರಣ ಸಂಚಿಕೆಗಾಗಿ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಸೂಚಿಸಿದಾಗ, ವಾಡಿಕೆಯಂತೆ ಹಳಗನ್ನಡ ಕಾವ್ಯದ ಯಾವುದಾದರೊಂದು ಪ್ರಸಂಗವನ್ನು ಕುರಿತು ಬರೆಯುವುದು ನನಗೆ ಸುಲಭವಾಗುತ್ತಿತ್ತು. ಆದರೆ ಹಲವು ತಿಂಗಳುಗಳಿಂದ ನನ್ನ ಮೇಜಿನ ಮೇಲೆ ಕಾವ್ಯಗಳ ಮಗ್ಗುಲಲ್ಲಿ ಬೇರೊಂದು ಬಗೆಯ ಪುಸ್ತಕಗಳು ಬಂದು ಕುಳಿತಿವೆ. ಮನಸ್ಸು ಯಾವುದರಲ್ಲಿ ತೊಡಗಿದೆಯೋ ಅದನ್ನೇ ಬರೆಯುವುದು ಪ್ರಾಮಾಣಿಕವೆಂದು ತಿಳಿದು, ಈ ಪರೀಕ್ಷೆಯ ಸಿದ್ಧತೆಯನ್ನೂ ಅದರ ಪ್ರಶ್ನೆಗಳ ಸ್ವರೂಪವನ್ನೂ ಕುರಿತು ನಾಲ್ಕು ಮಾತುಗಳನ್ನು ಅಧ್ಯಾಪಕ ಬಂಧುಗಳ ಹಾಗೂ ಸಂಸ್ಥೆಯ ಹಿತೈಷಿಗಳ ಮುಂದಿಡುತ್ತಿದ್ದೇನೆ.

ನಮ್ಮ ಭಾಗದಲ್ಲಿ ಶಿಕ್ಷಕನಾಗಲು ಪರೀಕ್ಷೆ ಬೇಕೆಂಬುದು ಹೊಸ ಮಾತೇನೂ ಅಲ್ಲ. ಈ ಪ್ರದೇಶವು ೧೯೫೬ರ ವರೆಗೆ ಮುಂಬಯಿ ಪ್ರಾಂತಕ್ಕೆ ಸೇರಿದ್ದಿತು. ಅಂದು ಏಳನೆಯ ಇಯತ್ತೆಯ ಕೊನೆಯಲ್ಲಿ ನಡೆಯುತ್ತಿದ್ದ ಮುಲ್ಕಿ ಪರೀಕ್ಷೆಯಲ್ಲಿ ತೇರ್ಗಡೆಯಾದವನಿಗೆ ಪ್ರಾಥಮಿಕ ಶಾಲೆಯ ಮಾಸ್ತರಿಕೆಯ ಬಾಗಿಲು ತೆರೆಯುತ್ತಿತ್ತು. ‘ಮುಲ್ಕಿ ಪಾಸಾದವ’ ಎಂದರೆ ಹಳ್ಳಿಯಲ್ಲಿ ಅದೊಂದು ಬಿರುದು. ಅದಕ್ಕೂ ಹಿಂದೆ, ೧೯ನೆಯ ಶತಮಾನದಲ್ಲಿ, ಧಾರವಾಡದ ನಾರ್ಮಲ್ ಸ್ಕೂಲು ಡೆಪ್ಯೂಟಿ ಚನ್ನಬಸಪ್ಪನವರಂತಹವರ ನೇತೃತ್ವದಲ್ಲಿ ಕನ್ನಡ ಶಿಕ್ಷಕರನ್ನು ಸಿದ್ಧಗೊಳಿಸಿತು. ಮುಂದೆ ಟಿ.ಸಿ.ಎಚ್. ಬಂದಿತು, ಅದು ಡಿ.ಎಡ್. ಆಯಿತು, ಈಗ ಡಿ.ಎಲ್.ಎಡ್. ಎನಿಸಿಕೊಳ್ಳುತ್ತದೆ. ಇವೆಲ್ಲವೂ ತರಬೇತಿಯ ಕೊನೆಗೆ ದೊರೆಯುವ ಪ್ರಮಾಣಪತ್ರಗಳು. ಟಿಇಟಿಯಾದರೋ ಪ್ರಮಾಣಪತ್ರ ಕೈಗೆ ಬಂದ ಮೇಲೆ ದಾಟಬೇಕಾದ ಇನ್ನೊಂದು ಹೊಸ್ತಿಲು. ಇದನ್ನು ದಾಟಿದ ಮಾತ್ರಕ್ಕೆ ನೌಕರಿ ದೊರೆಯುವುದಿಲ್ಲ. ದಾಟದಿದ್ದರೆ ನೌಕರಿಗೆ ಅರ್ಜಿ ಹಾಕುವ ಅರ್ಹತೆಯೇ ಬರುವುದಿಲ್ಲ.

ಇದರ ಮೂಲವು ಶಿಕ್ಷಣ ಹಕ್ಕು ಕಾಯ್ದೆಯಲ್ಲಿದೆ. ೨೦೦೯ರಲ್ಲಿ ಅಂಗೀಕೃತವಾದ ಆ ಕಾಯ್ದೆಯು ೨೦೧೦ರ ಏಪ್ರಿಲ್ ೧ರಿಂದ ಜಾರಿಗೆ ಬಂದಿತು. ಒಂದರಿಂದ ಎಂಟನೆಯ ತರಗತಿಯ ವರೆಗೆ ಬೋಧಿಸುವವರ ಕನಿಷ್ಠ ಅರ್ಹತೆಯನ್ನು ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತು ಗೊತ್ತುಪಡಿಸಿತು. ೨೦೧೧ರ ಫೆಬ್ರುವರಿಯಲ್ಲಿ ಅರ್ಹತಾ ಪರೀಕ್ಷೆಯ ಮಾರ್ಗಸೂಚಿಯನ್ನು ಹೊರಡಿಸಿತು. ಕರ್ನಾಟಕದಲ್ಲಿ ೨೦೧೪ರಿಂದ ಈ ಪರೀಕ್ಷೆ ನಡೆದುಬಂದಿದೆ. ಮೊದಲು ಇದರ ಪ್ರಮಾಣಪತ್ರಕ್ಕೆ ಏಳು ವರ್ಷಗಳ ಆಯುಷ್ಯವಿದ್ದಿತು; ೨೦೨೧ರಲ್ಲಿ ಅದನ್ನು ಜೀವಿತಾವಧಿಗೆ ವಿಸ್ತರಿಸಲಾಯಿತು.

ಪರೀಕ್ಷೆಯ ಕಟ್ಟಡವನ್ನು ಹೀಗೆ ವಿವರಿಸಬಹುದು. ಎರಡು ಪತ್ರಿಕೆಗಳಿವೆ. ಮೊದಲನೆಯದು ೧ರಿಂದ ೫ನೆಯ ತರಗತಿಗೆ ಬೋಧಿಸುವವರಿಗೆ, ಎರಡನೆಯದು ೬ರಿಂದ ೮ನೆಯ ತರಗತಿಗೆ ಬೋಧಿಸುವವರಿಗೆ. ಪ್ರತಿಯೊಂದರಲ್ಲಿ ೧೫೦ ಪ್ರಶ್ನೆಗಳು, ೧೫೦ ಅಂಕಗಳು, ೧೫೦ ನಿಮಿಷಗಳು. ಪ್ರತಿ ಪ್ರಶ್ನೆಗೂ ನಾಲ್ಕು ಉತ್ತರಗಳನ್ನು ಕೊಟ್ಟಿರುತ್ತಾರೆ. ಸರಿಯಾದುದರ ವೃತ್ತವನ್ನು ಓಎಂಆರ್ ಹಾಳೆಯಲ್ಲಿ ತುಂಬಬೇಕು. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಮೊದಲ ಪತ್ರಿಕೆಯಲ್ಲಿ ಶಿಶು ವಿಕಾಸ ಮತ್ತು ಬೋಧನಶಾಸ್ತ್ರ, ಮೊದಲ ಭಾಷೆ, ಎರಡನೆಯ ಭಾಷೆ, ಗಣಿತ, ಪರಿಸರ ಅಧ್ಯಯನ ಇವುಗಳಿಗೆ ತಲಾ ೩೦ ಪ್ರಶ್ನೆಗಳು. ಎರಡನೆಯ ಪತ್ರಿಕೆಯಲ್ಲಿ ಮೊದಲಿನ ಮೂರು ವಿಭಾಗಗಳು ಹಾಗೆಯೇ ಉಳಿದು, ಮಿಕ್ಕ ೬೦ ಪ್ರಶ್ನೆಗಳು ಗಣಿತ-ವಿಜ್ಞಾನದಿಂದ ಅಥವಾ ಸಮಾಜ ವಿಜ್ಞಾನದಿಂದ ಬರುತ್ತವೆ. ತೇರ್ಗಡೆಗೆ ಶೇಕಡಾ ೬೦, ಅಂದರೆ ೯೦ ಅಂಕಗಳು ಬೇಕು. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಪ್ರವರ್ಗ-೧ರವರಿಗೆ ಮತ್ತು ವಿಕಲಚೇತನರಿಗೆ ಶೇಕಡಾ ೫೫.

ಇಷ್ಟು ದಿನ ಇದು ಹೊಸದಾಗಿ ನೌಕರಿಯನ್ನು ಅರಸುವ ತರುಣರ ಚಿಂತೆಯಾಗಿತ್ತು. ೨೦೨೫ರ ಸೆಪ್ಟೆಂಬರ್ ೧ರಂದು ಸರ್ವೋಚ್ಚ ನ್ಯಾಯಾಲಯವು ನೀಡಿದ ತೀರ್ಪಿನಿಂದ ಅದು ನಮ್ಮಂತಹವರ ಚಿಂತೆಯೂ ಆಯಿತು. ಕಾಯ್ದೆಯು ಬರುವುದಕ್ಕಿಂತ ಮುಂಚೆಯೇ ನೇಮಕಗೊಂಡಿದ್ದರೂ, ನಿವೃತ್ತಿಗೆ ಐದು ವರ್ಷಗಳಿಗಿಂತ ಹೆಚ್ಚು ಸೇವೆ ಉಳಿದಿರುವ ಶಿಕ್ಷಕರು ಎರಡು ವರ್ಷಗಳೊಳಗೆ ಈ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕೆಂದು ಆ ತೀರ್ಪು ಹೇಳಿತು. ಐದು ವರ್ಷಗಳಿಗಿಂತ ಕಡಿಮೆ ಉಳಿದವರು ಸೇವೆಯಲ್ಲಿ ಮುಂದುವರಿಯಬಹುದು; ಆದರೆ ಬಡ್ತಿ ಬೇಕೆಂದರೆ ಅವರೂ ತೇರ್ಗಡೆಯಾಗಲೇಬೇಕು. ಆ ದಿನ ನಮ್ಮ ಶಿಕ್ಷಕರ ಕೊಠಡಿಯಲ್ಲಿ ಪ್ರತಿಯೊಬ್ಬರೂ ತಮ್ಮ ಜನ್ಮದಿನಾಂಕವನ್ನು ಬೆರಳಿನ ಮೇಲೆ ಎಣಿಸಿಕೊಂಡರು. ನನಗೆ ಐವತ್ತಮೂರು ವರ್ಷ. ಏಳು ವರ್ಷಗಳ ಸೇವೆ ಉಳಿದಿದೆ. ಆರು, ಏಳು, ಎಂಟನೆಯ ತರಗತಿಗಳಿಗೆ ಕನ್ನಡ ಕಲಿಸುತ್ತಿದ್ದೇನೆ. ಲೆಕ್ಕ ಸ್ಪಷ್ಟವಾಗಿತ್ತು.

ನನ್ನ ವಿದ್ಯಾಭ್ಯಾಸದ ಕ್ರಮವನ್ನು ಇಲ್ಲಿ ಸಂಕ್ಷೇಪವಾಗಿ ಹೇಳಬೇಕು, ಏಕೆಂದರೆ ಮುಂದಿನ ಮಾತುಗಳಿಗೆ ಅದರ ಸಂಬಂಧವಿದೆ. ಹಿರಿಯ ವಿದ್ವಾಂಸರೊಬ್ಬರ ಬಳಿ ನೆಲದ ಮೇಲೆ ಕುಳಿತು ವ್ಯಾಕರಣ, ಛಂದಸ್ಸು, ಅಲಂಕಾರಗಳನ್ನು ಪಾಠ ಹೇಳಿಸಿಕೊಂಡವನು ನಾನು. ಕನ್ನಡ ಸಾಹಿತ್ಯ ಪರಿಷತ್ತಿನ ಕಾವ, ಜಾಣ, ರತ್ನ ಪರೀಕ್ಷೆಗಳನ್ನು ಕ್ರಮವಾಗಿ ಮುಗಿಸಿದೆ, ಅನಂತರ ಬಿ.ಎಡ್. ಆಯಿತು. ಆ ಪಂಡಿತ ಪರೀಕ್ಷೆಗಳಲ್ಲಿ ಪದ್ಯವನ್ನು ಕೊಟ್ಟು ಸಂದರ್ಭಸಹಿತ ವಿವರಿಸಿರಿ ಎನ್ನುತ್ತಿದ್ದರು; ಪ್ರಸ್ತಾರ ಹಾಕಿ ವೃತ್ತವನ್ನು ಹೆಸರಿಸಿರಿ ಎನ್ನುತ್ತಿದ್ದರು; ಸೂತ್ರಾರ್ಥವನ್ನು ಬರೆದು ಉದಾಹರಿಸಿರಿ ಎನ್ನುತ್ತಿದ್ದರು. ಹಾಳೆಯ ಮೇಲೆ ಹಾಳೆ ತುಂಬಿಸಿದರೂ ಮಾತು ಮುಗಿಯುತ್ತಿರಲಿಲ್ಲ. ಅಂತಹ ಕ್ರಮದಲ್ಲಿ ಬೆಳೆದವನಿಗೆ, ಉತ್ತರವನ್ನು ಅವರೇ ಬರೆದುಕೊಟ್ಟು, ನಾಲ್ಕರಲ್ಲಿ ಒಂದನ್ನು ಆರಿಸು ಎನ್ನುವ ಪರೀಕ್ಷೆಯನ್ನು ಕಂಡೊಡನೆ ಒಂದು ಬಗೆಯ ಉಪೇಕ್ಷೆ ಮೂಡುವುದು ಸಹಜ. ಇದರಲ್ಲಿ ವಿದ್ಯೆಗೆ ಎಡೆಯೆಲ್ಲಿದೆ ಎಂದು ನಮ್ಮ ಸಮವಯಸ್ಕರು ಅನೇಕರು ಕೇಳುತ್ತಾರೆ. ಎಡೆಯಿದೆ ಎಂಬುದೇ ನಾನಿಲ್ಲಿ ಹೇಳಹೊರಟ ವಿಷಯ. ಅದು ಆ ಪತ್ರಿಕೆಯಲ್ಲಿರುವುದಕ್ಕಿಂತ ಹೆಚ್ಚಾಗಿ ನಾವು ಸಿದ್ಧರಾಗುವ ಬಗೆಯಲ್ಲಿದೆ.

ಭಾನುವಾರಗಳಂದು ನಮ್ಮ ಶಾಲೆಯ ಒಂದು ಕೊಠಡಿಯಲ್ಲಿ ಏಳು ಜನ ಕೂಡುತ್ತೇವೆ. ಆರು ಜನ ನನ್ನ ಮಕ್ಕಳ ವಯಸ್ಸಿನವರು. ಬಾದಾಮಿಯಿಂದ ಒಬ್ಬ ತರುಣ ರೈಲಿನಲ್ಲಿ ಬರುತ್ತಾನೆ. ಹುನಗುಂದದಿಂದ ಒಬ್ಬ ಗೃಹಿಣಿ ಚಿಕ್ಕ ಕೂಸನ್ನು ಅತ್ತೆಯ ಕೈಗೊಪ್ಪಿಸಿ ಬರುತ್ತಾಳೆ. ಇಳಕಲ್ಲಿನಿಂದ ನೇಕಾರರ ಮನೆಯ ಹುಡುಗಿಯೊಬ್ಬಳು ವಾರವಿಡೀ ತಾಯಿಯೊಡನೆ ಕಂಡಿಕೆ ಸುತ್ತಿ ಭಾನುವಾರ ಬಿಡುವು ಮಾಡಿಕೊಳ್ಳುತ್ತಾಳೆ. ಈಕೆ ಹಿಂದಿನ ಸಲ ೮೭ ಅಂಕಗಳನ್ನು ಪಡೆದಿದ್ದಳು. ಮೂರು ವೃತ್ತಗಳ ಅಂತರದಲ್ಲಿ ಒಂದು ವರ್ಷ ಹೋಯಿತು. ಮನೆಯಲ್ಲಿ ಮದುವೆಯ ಮಾತು ನಡೆದಿದೆ. ‘ಇದೊಂದು ಸಲ’ ಎಂದು ತಂದೆಯಿಂದ ಗಡುವು ಪಡೆದು ಬಂದಿದ್ದಾಳೆ. ಇಂತಹವರ ನಡುವೆ ಕುಳಿತಾಗ ಪರೀಕ್ಷೆಯ ಬಗ್ಗೆ ಉಪೇಕ್ಷೆಯ ಮಾತು ನಾಲಗೆಯಲ್ಲಿ ನಿಲ್ಲುವುದಿಲ್ಲ.

ಇನ್ನು ಪ್ರಶ್ನೆಗಳ ಬಗೆಗಳನ್ನು ನೋಡೋಣ. ಇಲ್ಲಿ ಕೊಡುವ ಮಾದರಿಗಳು ನಮ್ಮ ಭಾನುವಾರದ ಅಭ್ಯಾಸಕ್ಕಾಗಿ ನಾನೇ ರಚಿಸಿದವು.

ಮೊದಲನೆಯದು ನೇರವಾದ ಜ್ಞಾನದ ಪ್ರಶ್ನೆ. ‘ಮಳೆಗಾಲ’ ಎಂಬಲ್ಲಿ ಆಗಿರುವ ಸಂಧಿ ಯಾವುದು? ಲೋಪ, ಆಗಮ, ಆದೇಶ, ಗುಣ ಎಂದು ನಾಲ್ಕು ಉತ್ತರಗಳು. ಮಳೆ ಮತ್ತು ಕಾಲ ಎಂಬ ಪದಗಳು ಸೇರುವಾಗ ಕಕಾರಕ್ಕೆ ಗಕಾರ ಬಂದಿದೆ, ಆದ್ದರಿಂದ ಆದೇಶ ಎಂದು ಗುರುತು ಹಾಕಿ ಮುಂದಕ್ಕೆ ಹೋಗುವವರೇ ಹೆಚ್ಚು. ನಾನು ಅವರನ್ನು ಅಲ್ಲಿಯೇ ನಿಲ್ಲಿಸುತ್ತೇನೆ. ಉಳಿದ ಮೂರು ಏಕೆ ಅಲ್ಲ? ಲೋಪವಾಗಬೇಕಾದರೆ ಇದ್ದ ಅಕ್ಷರವೊಂದು ಹೋಗಬೇಕು. ಊರು, ಅಲ್ಲಿ ಸೇರಿ ಊರಲ್ಲಿ ಆದಂತೆ. ಆಗಮವಾಗಬೇಕಾದರೆ ಇಲ್ಲದ ಅಕ್ಷರವೊಂದು ಬರಬೇಕು. ಮನೆ, ಅನ್ನು ಸೇರಿ ಮನೆಯನ್ನು ಆದಂತೆ. ಗುಣಸಂಧಿಯು ಸಂಸ್ಕೃತದ್ದು, ಅದು ಸ್ವರಗಳ ನಡುವಿನ ಕಾರ್ಯ. ಸುರ, ಇಂದ್ರ ಸೇರಿ ಸುರೇಂದ್ರ ಆದಂತೆ. ಹೀಗೆ ಮೂರು ತಪ್ಪು ಉತ್ತರಗಳನ್ನು ನಿರಾಕರಿಸುವಷ್ಟರಲ್ಲಿ ಸಂಧಿಪ್ರಕರಣದ ಬಹುಭಾಗ ಮುಗಿದಿರುತ್ತದೆ. ಒಂದು ಪ್ರಶ್ನೆಯಿಂದ ನಾಲ್ಕು ಪಾಠಗಳಾದವು.

ಶಾಸ್ತ್ರಪಾಠ ಮಾಡಿದವರಿಗೆ ಈ ಮಾರ್ಗ ಪರಿಚಿತವಾದುದು. ಶಾಸ್ತ್ರಕಾರರು ಸಿದ್ಧಾಂತವನ್ನು ಒಮ್ಮೆಗೇ ಹೇಳುವುದಿಲ್ಲ. ಮೊದಲು ಪೂರ್ವಪಕ್ಷವನ್ನು ಎತ್ತಿ, ಅದಕ್ಕೆ ಬಲವಾದ ಸಮರ್ಥನೆಯನ್ನೂ ಕೊಟ್ಟು, ಅನಂತರ ಅದನ್ನು ಖಂಡಿಸಿ ಸಿದ್ಧಾಂತಕ್ಕೆ ಬರುತ್ತಾರೆ. ಈ ಪತ್ರಿಕೆಯ ಪ್ರತಿ ಪ್ರಶ್ನೆಯಲ್ಲಿಯೂ ಮೂರು ಪೂರ್ವಪಕ್ಷಗಳು ಒಂದು ಸಿದ್ಧಾಂತದೊಡನೆ ವೇಷ ಬದಲಿಸಿ ನಿಂತಿರುತ್ತವೆ. ಸಿದ್ಧಾಂತವನ್ನಷ್ಟೇ ಕಂಠಪಾಠ ಮಾಡಿದವನು ಪ್ರಶ್ನೆಯ ಮಾತು ಸ್ವಲ್ಪ ಬದಲಾದರೂ ತಬ್ಬಿಬ್ಬಾಗುತ್ತಾನೆ. ಮೂರನ್ನು ಖಂಡಿಸಬಲ್ಲವನು ಹಾಗಾಗುವುದಿಲ್ಲ. ಆದುದರಿಂದ ನಮ್ಮ ಕೂಟದಲ್ಲಿ ಒಂದು ಕಟ್ಟುಪಾಡು ಮಾಡಿಕೊಂಡಿದ್ದೇವೆ: ಸರಿಯುತ್ತರ ಹೇಳಿದವರಿಗೆ ಅಂಕವಿಲ್ಲ, ಉಳಿದ ಮೂರು ಏಕೆ ಸಲ್ಲವೆಂದು ಹೇಳಿದವರಿಗೆ ಅಂಕ.

ಎರಡನೆಯದು ಪ್ರತಿಪಾದನೆ ಮತ್ತು ಕಾರಣದ ಪ್ರಶ್ನೆ. ಪ್ರತಿಪಾದನೆ: ಅಗಲವಾದ ಬಟ್ಟಲಿನ ನೀರನ್ನು ಕಣ್ಣೆದುರಿಗೇ ಎತ್ತರದ ಲೋಟಕ್ಕೆ ಸುರಿದರೂ, ಐದು ವರ್ಷದ ಮಗು ನೀರು ಹೆಚ್ಚಾಯಿತೆನ್ನುತ್ತದೆ. ಕಾರಣ: ಆ ವಯಸ್ಸಿನ ಮಗುವಿಗೆ ಕಲ್ಪನಾಶಕ್ತಿ ಚುರುಕಾಗಿರುತ್ತದೆ. ಎರಡೂ ನಿಜವೇ, ಎರಡೂ ಸುಳ್ಳೇ, ಒಂದು ಮಾತ್ರ ನಿಜವೇ, ಎರಡೂ ನಿಜವಾದರೂ ಮೊದಲಿನದಕ್ಕೆ ಎರಡನೆಯದು ಕಾರಣವಲ್ಲವೇ ಎಂದು ಕೇಳುತ್ತಾರೆ. ಇಲ್ಲಿ ಕೊನೆಯದೇ ಸರಿ. ಎರಡು ಮಾತುಗಳೂ ನಿಜ. ಆದರೆ ನೀರು ಹೆಚ್ಚಾಯಿತೆನ್ನುವುದಕ್ಕೆ ಕಾರಣ ಬೇರೆ. ಸ್ವಿಟ್ಜರ್ಲೆಂಡಿನ ಮನೋವಿಜ್ಞಾನಿ ಪಿಯಾಜೆಯವರು ಎರಡರಿಂದ ಏಳು ವರ್ಷಗಳ ವರೆಗಿನ ಈ ಅವಸ್ಥೆಯಲ್ಲಿ ಮಗು ಎತ್ತರವನ್ನು ನೋಡಿದರೆ ಅಗಲವನ್ನು ಮರೆಯುತ್ತದೆಯೆಂದು ತೋರಿಸಿದರು. ತರ್ಕಶಾಸ್ತ್ರದಲ್ಲಿ ಪ್ರತಿಜ್ಞೆಗೆ ಹೇತುವನ್ನು ಹೇಳುವಾಗ, ಆ ಹೇತು ನಿಜವಾಗಿದ್ದರೆ ಸಾಲದು, ಸಾಧ್ಯದೊಡನೆ ಅದಕ್ಕೆ ವ್ಯಾಪ್ತಿಯಿರಬೇಕು ಎನ್ನುತ್ತಾರೆ. ಬೆಟ್ಟದಲ್ಲಿ ಬೆಂಕಿಯಿದೆ ಎನ್ನುವುದಕ್ಕೆ ಹೊಗೆ ಹೇತುವಾದೀತು. ಬೆಟ್ಟದಲ್ಲಿ ಮರಗಳಿವೆ ಎಂಬುದು ನಿಜವಾದರೂ ಹೇತುವಾಗಲಾರದು. ಈ ಮಾತನ್ನು ಹೇಳಿದ ದಿನ ಹುನಗುಂದದ ಗೃಹಿಣಿ ತನ್ನ ಟಿಪ್ಪಣಿ ಪುಸ್ತಕದಲ್ಲಿ ‘ಹೊಗೆಯೋ, ಮರವೋ?’ ಎಂದು ಬರೆದುಕೊಂಡಳು. ಈಗ ಅಂತಹ ಪ್ರಶ್ನೆ ಬಂದಾಗಲೆಲ್ಲ ಎಲ್ಲರೂ ಮೊದಲು ಅದನ್ನೇ ಕೇಳಿಕೊಳ್ಳುತ್ತಾರೆ.

ಮೂರನೆಯದು ಅಪರಿಚಿತ ಗದ್ಯ ಅಥವಾ ಪದ್ಯಭಾಗವನ್ನು ಕೊಟ್ಟು ಅರ್ಥಗ್ರಹಣವನ್ನು ಪರೀಕ್ಷಿಸುವುದು. ಮಾರ್ಗಸೂಚಿಯಂತೆ ಭಾಷೆಯ ೩೦ ಪ್ರಶ್ನೆಗಳಲ್ಲಿ ೧೫ ಇಂತಹ ಅರ್ಥಗ್ರಹಣಕ್ಕೂ ೧೫ ಭಾಷಾಬೋಧನೆಯ ಕ್ರಮಕ್ಕೂ ಮೀಸಲು. ಗದ್ಯಭಾಗವು ಹೀಗಿದೆಯೆನ್ನಿ: ‘ಆಲಮಟ್ಟಿಯ ಹಿನ್ನೀರು ಬಂದು ಹಳೆಯ ಬಾಗಲಕೋಟೆಯ ಓಣಿಗಳು ಮುಳುಗಿದವು. ನವನಗರದಲ್ಲಿ ಮನೆಗಳೂ ಅಗಲವಾದ ಬೀದಿಗಳೂ ಆದವು. ಆದರೂ ಸಂಜೆಯಾದೊಡನೆ ಹಿರಿಯರು ಹಳೆಯ ಊರಿನ ಕಟ್ಟೆಗಳನ್ನು ನೆನೆಯುತ್ತಾರೆ.’ ಪ್ರಶ್ನೆ: ಹಿರಿಯರಿಗೆ ಇಲ್ಲವೆನಿಸಿದ್ದು ಯಾವುದು? ವಾಸಕ್ಕೆ ಮನೆ, ಓಡಾಡಲು ಬೀದಿ, ಕೂಡಿ ಕುಳಿತು ಮಾತಾಡುವ ಒಡನಾಟ, ಕುಡಿಯುವ ನೀರು. ಮನೆ, ಬೀದಿಗಳು ಆದವೆಂದು ಗದ್ಯವೇ ಹೇಳಿದೆ. ನೀರಿನ ಮಾತು ಅಲ್ಲಿಲ್ಲ. ಕಟ್ಟೆ, ಸಂಜೆ ಎಂಬ ಎರಡು ಶಬ್ದಗಳು ಒಡನಾಟವನ್ನು ಧ್ವನಿಸುತ್ತವೆ. ಊರು ಮುಳುಗಿದ್ದನ್ನು ಕಣ್ಣಾರೆ ಕಂಡ ನಮ್ಮಂತಹವರಿಗೆ ಈ ಪ್ರಶ್ನೆಯೇ ಕಠಿಣ. ಪರಿಹಾರದ ಹಣ, ಬಿಟ್ಟುಬಂದ ಅಂಗಡಿ, ಹೊಸ ನಿವೇಶನ, ಏನೆಲ್ಲ ನೆನಪಿಗೆ ಬರುತ್ತದೆ! ಆದರೆ ಉತ್ತರವು ನಮ್ಮ ನೆನಪಿನಿಂದ ಬರಬಾರದು. ಮುಂದಿರುವ ವಾಕ್ಯದಿಂದ ಬರಬೇಕು. ಕವಿ ಹೇಳಿದ್ದನ್ನು ಬಿಟ್ಟು ತಾನು ಬಲ್ಲುದನ್ನು ಹೇಳುವ ವ್ಯಾಖ್ಯಾನಕಾರನನ್ನು ನಮ್ಮ ಗುರುಗಳು ಒಪ್ಪುತ್ತಿರಲಿಲ್ಲ. ದಿನಕ್ಕೊಂದು ಪರಿಚ್ಛೇದವನ್ನು ಓದಿ, ಅದರಲ್ಲಿರುವುದೇನು, ಅದರಿಂದ ಧ್ವನಿತವಾಗುವುದೇನು, ಅದರಲ್ಲಿಲ್ಲದ್ದೇನು ಎಂದು ಮೂರು ಸಾಲು ಬರೆಯುವ ಅಭ್ಯಾಸ ಇದಕ್ಕೆ ಸಾಕು.

ನಾಲ್ಕನೆಯದು ಹೊಂದಿಸುವ ಮತ್ತು ಅನುಕ್ರಮದಲ್ಲಿಡುವ ಪ್ರಶ್ನೆ. ಸಮಾಜ ವಿಜ್ಞಾನದಲ್ಲಿ ಇದು ಹೇರಳ. ಇದಕ್ಕಾಗಿ ತರುಣರು ಇಸವಿಗಳ ಪಟ್ಟಿಯನ್ನು ಬಾಯಿಪಾಠ ಮಾಡುತ್ತಾರೆ. ನಮ್ಮ ಜಿಲ್ಲೆಯವರಿಗೆ ಇದಕ್ಕಿಂತ ಒಳ್ಳೆಯ ಉಪಾಯವಿದೆ. ಒಂದು ಭಾನುವಾರ ನಾವೆಲ್ಲರೂ ಬಾದಾಮಿಗೆ ಹೋದೆವು. ಒಂದನೆಯ ಪುಲಕೇಶಿಯ ಕೋಟೆಯ ಬಂಡೆ ಶಾಸನ ಕ್ರಿ.ಶ. ೫೪೩ರದು; ಮಂಗಳೇಶನ ಶಾಸನವಿರುವ ಮೂರನೆಯ ಗುಹೆ ೫೭೮ರದು; ಅಗಸ್ತ್ಯ ತೀರ್ಥದ ಮೇಲಿನ ಬಂಡೆಯಲ್ಲಿರುವ ಕಪ್ಪೆ ಅರಭಟ್ಟನ ಶಾಸನವನ್ನು ವಿದ್ವಾಂಸರು ಸುಮಾರು ೭೦೦ಕ್ಕೆ ಇಡುತ್ತಾರೆ; ಕನ್ನಡ ತ್ರಿಪದಿಯ ಬಹು ಹಳೆಯ ರೂಪ ಅಲ್ಲಿ ಕಲ್ಲಿನಲ್ಲಿ ಉಳಿದಿದೆ. ಮರುವಾರ ಐಹೊಳೆಗೆ ಹೋಗಿ ಮೇಗುತಿ ಗುಡ್ಡವನ್ನು ಹತ್ತಿ, ಇಮ್ಮಡಿ ಪುಲಕೇಶಿಯ ಕೀರ್ತಿಯನ್ನು ರವಿಕೀರ್ತಿಯು ಸಂಸ್ಕೃತದಲ್ಲಿ ಬರೆದ ೬೩೪ರ ಶಾಸನವನ್ನು ಕಂಡೆವು. ಬಾದಾಮಿಯ ಆ ತರುಣ ಬಾಲ್ಯದಿಂದ ಆ ಕೆರೆಯಲ್ಲಿ ಈಜಿದವನು. ಮಾರ್ಗದರ್ಶಿ ಪುಸ್ತಕದ ಪುಟದಲ್ಲಿ ಇಸವಿಗಳನ್ನು ಹುಡುಕುತ್ತಿದ್ದವನಿಗೆ ಅವು ತನ್ನ ಊರಿನ ಬಂಡೆಗಳಲ್ಲಿಯೇ ಇವೆಯೆಂದು ಅಂದು ಮನವರಿಕೆಯಾಯಿತು. ಮೆಟ್ಟಿಲು ಹತ್ತಿದ ಕಾಲು ಅನುಕ್ರಮವನ್ನು ಮರೆಯುವುದಿಲ್ಲ. ನಾಳೆ ಅವನು ಶಿಕ್ಷಕನಾದಾಗ ಮಕ್ಕಳನ್ನೂ ಹಾಗೆಯೇ ಹತ್ತಿಸುವನೆಂದು ನನ್ನ ನಂಬಿಕೆ.

ಐದನೆಯದು ತರಗತಿಯ ಸನ್ನಿವೇಶದ ಪ್ರಶ್ನೆ. ನನ್ನ ದೃಷ್ಟಿಯಲ್ಲಿ ಈ ಪರೀಕ್ಷೆಯ ಜೀವಾಳವೇ ಇದು. ಮೂರನೆಯ ತರಗತಿಯ ಬಾಲಕಿಯೊಬ್ಬಳು ‘ನಮ್ಮವ್ವ ಸಂತಿಗಿ ಹೋಗ್ಯಾಳ್ರಿ’ ಎನ್ನುತ್ತಾಳೆ. ಆಗ ಶಿಕ್ಷಕನು ಏನು ಮಾಡಬೇಕು? ಒಂದು, ಅಲ್ಲಿಯೇ ತಡೆದು ಅಶುದ್ಧವೆಂದು ತಿದ್ದಬೇಕು. ಎರಡು, ಶುದ್ಧ ವಾಕ್ಯವನ್ನು ಹತ್ತು ಸಲ ಬರೆಯಿಸಬೇಕು. ಮೂರು, ಕೇಳಿಯೂ ಕೇಳದಂತಿರಬೇಕು. ನಾಲ್ಕು, ‘ಹೌದೇ? ನಿಮ್ಮ ತಾಯಿಯವರು ಸಂತೆಗೆ ಹೋಗಿದ್ದಾರೆಯೇ? ಏನೇನು ತರುತ್ತಾರೆ?’ ಎಂದು ಮಾತನ್ನು ಮುಂದುವರಿಸಬೇಕು.

ಹಳೆಯ ಪದ್ಧತಿಯ ಪಂಡಿತರು ಮೊದಲನೆಯದನ್ನು ಆರಿಸುವರು. ಸರಿಯುತ್ತರ ನಾಲ್ಕನೆಯದು. ಮಗುವಿನ ಅರ್ಥವನ್ನು ಸ್ವೀಕರಿಸಿ, ಶಿಷ್ಟರೂಪವನ್ನು ಕಿವಿಗೆ ಹಾಕಿ, ಇನ್ನೊಂದು ಮಾತಾಡುವಂತೆ ಮಾಡುವುದೇ ಭಾಷಾಬೋಧನೆ. ಇದು ಶಿಥಿಲತೆಯೆಂದು ವೈಯಾಕರಣರು ಭಯಪಡಬೇಕಾಗಿಲ್ಲ. ‘ಹೋಗ್ಯಾಳ’ ಎಂಬುದಕ್ಕೂ ನಿಯಮವಿದೆ: ‘ಹೋಗಿ’ ಎಂಬುದರ ಕೊನೆಯ ಇಕಾರವು ಮುಂದೆ ಸ್ವರ ಬಂದಾಗ ಯಕಾರವಾಗಿದೆ, ಯಣ್ ಸಂಧಿಯಲ್ಲಿ ಆಗುವುದೂ ಇಂತಹುದೇ. ‘ಶಾಲೆ’ಯನ್ನು ‘ಸಾಲಿ’ ಎನ್ನುವ ಮಗು ಶಕಾರವನ್ನು ಸಕಾರ ಮಾಡಿದೆ. ಇಂತಹ ಮಾರ್ಪಾಟುಗಳಿಗಾಗಿಯೇ ೧೩ನೆಯ ಶತಮಾನದ ಕೇಶಿರಾಜನು ತನ್ನ ಶಬ್ದಮಣಿದರ್ಪಣದಲ್ಲಿ ಅಪಭ್ರಂಶ ಪ್ರಕರಣವನ್ನು ಬರೆದನು. ಮಗು ನಿಯಮವಿಲ್ಲದೆ ಮಾತನಾಡುತ್ತಿಲ್ಲ. ಅದು ತನ್ನ ಮನೆಯ ನಿಯಮದಂತೆ ಮಾತನಾಡುತ್ತಿದೆ.

ಇದನ್ನು ವಿವರಿಸುತ್ತಿದ್ದಾಗ ಇಳಕಲ್ಲಿನ ಹುಡುಗಿ ತಾನಾಗಿಯೇ ಒಂದು ಮಾತು ಹೇಳಿದಳು. ಇಳಕಲ್ಲ ಸೀರೆಯ ಮೈಯ ಹಾಸನ್ನೂ ಸೆರಗಿನ ಹಾಸನ್ನೂ ಬೇರೆಬೇರೆಯಾಗಿ ಸಿದ್ಧಪಡಿಸುತ್ತಾರೆ. ಮೈಯ ಎಳೆಗಳನ್ನೂ ಸೆರಗಿನ ಎಳೆಗಳನ್ನೂ ಒಂದಕ್ಕೊಂದು ಕುಣಿಕೆಯಾಗಿ ತೊಡಿಸಿ ಕೂಡಿಸುತ್ತಾರೆ. ಇದಕ್ಕೆ ಕೊಂಡಿ ಎನ್ನುತ್ತಾರೆ. ‘ಮನೀ ಮಾತು ಮೈ ಇದ್ದಂಗ, ಪುಸ್ತಕದ ಮಾತು ಸೆರಗಿದ್ದಂಗ, ಕೊಂಡಿ ಹಾಕೋದ ಮಾಸ್ತರ ಕೆಲಸ, ಹೌದಲ್ರಿ?’ ಎಂದಳು. ಮಗುವಿನ ಈಗಿನ ಶಕ್ತಿಗೂ ನೆರವಿನಿಂದ ಅದು ಮುಟ್ಟಬಹುದಾದ ಎತ್ತರಕ್ಕೂ ನಡುವಣ ಎಡೆಯನ್ನು ರಷ್ಯದ ವೈಗೊಟ್‌ಸ್ಕಿಯವರು ಸಮೀಪಸ್ಥ ವಿಕಾಸ ವಲಯವೆಂದು ಕರೆದರು. ಆ ಹೆಸರು ಎಷ್ಟು ಓದಿದರೂ ತನಗೆ ನೆನಪಿನಲ್ಲಿ ಉಳಿಯದೆಂದು ಆಕೆ ಹೇಳುತ್ತಿದ್ದಳು. ಕೊಂಡಿಯ ಮಾತು ಬಂದ ಮೇಲೆ ಅದು ಉಳಿಯಿತು. ಹಿಂದಿನ ಸಲ ಆಕೆಗೆ ಕೈಕೊಟ್ಟದ್ದು ಇಂತಹ ಸನ್ನಿವೇಶದ ಪ್ರಶ್ನೆಗಳೇ.

ಈ ಸಿದ್ಧತೆಯಲ್ಲಿ ನನಗೆ ದೊರೆತ ದೊಡ್ಡ ಪಾಠವು ಎರಡನೆಯ ಭಾಷೆಯಾದ ಇಂಗ್ಲಿಷಿನಿಂದ ಬಂದಿತು. ಕನ್ನ‌ಡವನ್ನು ಮೊದಲ ಭಾಷೆಯಾಗಿ ಆರಿಸಿಕೊಂಡವನಿಗೆ ಇಂಗ್ಲಿಷಿನ ೩೦ ಪ್ರಶ್ನೆಗಳು ತಪ್ಪಿದ್ದಲ್ಲ. ನಾಮಪದದ ಮುಂದೆ ಆರ್ಟಿಕಲ್ ಎಂಬ ಪುಟ್ಟ ಪದವನ್ನಿಡುವ ಪದ್ಧತಿ ಕನ್ನಡದಲ್ಲಿಲ್ಲ. ಎಲ್ಲಿ ‘ಎ’, ಎಲ್ಲಿ ‘ದಿ’, ಎಲ್ಲಿ ಏನೂ ಬೇಡ ಎಂಬುದನ್ನು ಐವತ್ತು ದಾಟಿದ ಬುದ್ಧಿ ನಿಧಾನವಾಗಿ ಹಿಡಿಯುತ್ತದೆ. ನಾನು ಅವರಿಗೆ ಸಂಧಿ-ಸಮಾಸಗಳನ್ನು ಹೇಳುತ್ತೇನೆ. ಹುನಗುಂದದ ಗೃಹಿಣಿ ನನಗೆ ಇಂಗ್ಲಿಷ್ ಹೇಳಿಕೊಡುತ್ತಾಳೆ. ವಾಕ್ಯದ ನಡುವೆ ಶಬ್ದ ಸಿಗದೆ ನಾನು ನಿಂತಾಗ ಆಕೆ ಅವಸರಿಸುವುದಿಲ್ಲ. ನಾನು ಹೇಳಹೊರಟ ಅರ್ಥವನ್ನು ಹಿಡಿದು, ಆ ವಾಕ್ಯವನ್ನು ತಾನು ಪೂರ್ತಿಮಾಡಿ, ಮರಳಿ ನನಗೊಂದು ಪ್ರಶ್ನೆ ಕೇಳುತ್ತಾಳೆ. ಸನ್ನಿವೇಶದ ಪ್ರಶ್ನೆಯ ನಾಲ್ಕನೆಯ ಉತ್ತರ ಏಕೆ ಸರಿಯೆಂದು ಆಗ ನನಗೆ ಪುಸ್ತಕದ ಹೊರಗೆ ತಿಳಿಯಿತು. ನನ್ನ ತರಗತಿಯ ಹಿಂದಿನ ಬೆಂಚಿನಲ್ಲಿ ಮಾತು ಬಾರದೆ ಎದ್ದು ನಿಲ್ಲುವ ಹುಡುಗನ ಕಣ್ಣುಗಳನ್ನು ಈಗ ನಾನು ಬೇರೆ ರೀತಿಯಲ್ಲಿ ನೋಡುತ್ತೇನೆ. ಈ ಲಾಭಕ್ಕೆ ೯೦ ಅಂಕಗಳ ಹಂಗಿಲ್ಲ.

ಹಾಗೆಂದು ಈ ಪರೀಕ್ಷೆ ಸರ್ವಸಮರ್ಥವೆಂದು ನಾನು ಹೇಳುವುದಿಲ್ಲ. ವೃತ್ತ ತುಂಬುವ ಹಾಳೆಗೆ ಶಿಕ್ಷಕನ ಕಂಠ ಕೇಳಿಸುವುದಿಲ್ಲ. ಪದ್ಯವನ್ನು ಆತ ರಾಗವಾಗಿ ಓದಬಲ್ಲನೇ, ಕರಿಹಲಗೆಯ ಮೇಲಿನ ಅವನ ಅಕ್ಷರ ದುಂಡಾಗಿದೆಯೇ, ಹಸಿದು ಬಂದ ಮಗುವಿನ ಮುಖವನ್ನು ಆತ ಗುರುತಿಸುವನೇ ಎಂಬುದು ಅದಕ್ಕೆ ಗೋಚರವಲ್ಲ. ತಾನೇ ನಾಲ್ಕು ಶುದ್ಧ ವಾಕ್ಯಗಳನ್ನು ಬರೆಯಬಲ್ಲನೇ ಎಂಬುದೂ ಇದರಿಂದ ತಿಳಿಯದು. ೨೦೨೨ರಲ್ಲಿ ೧೫,೦೦೦ ಪದವೀಧರ ಪ್ರಾಥಮಿಕ ಶಿಕ್ಷಕರ ಹುದ್ದೆಗಳಿಗೆ ನಡೆದ ಸ್ಪರ್ಧಾತ್ಮಕ ಪರೀಕ್ಷೆಯಲ್ಲಿ ವಿವರಣಾತ್ಮಕವಾಗಿ ಬರೆಯುವ ಪ್ರಶ್ನೆಗಳನ್ನೂ ಇಟ್ಟಿದ್ದರು. ಟಿಇಟಿಯ ಕೊರತೆಯನ್ನು ಅದು ಸ್ವಲ್ಪಮಟ್ಟಿಗೆ ತುಂಬಿತು. ಆದುದರಿಂದ ವೃತ್ತ ತುಂಬುವ ಅಭ್ಯಾಸದ ಜೊತೆಗೆ ದಿನಕ್ಕೊಂದು ಪುಟ ಬರೆಯುವ ಅಭ್ಯಾಸವನ್ನೂ ಇಟ್ಟುಕೊಳ್ಳಿರೆಂದು ತರುಣರಿಗೆ ನಾನು ಹೇಳುತ್ತಿರುತ್ತೇನೆ.

ಇನ್ನು ಕೆಲವು ವ್ಯಾವಹಾರಿಕ ಸೂಚನೆಗಳು. ಒಂದು ಪ್ರಶ್ನೆಗೆ ಒಂದೇ ನಿಮಿಷ. ಆದುದರಿಂದ ಗಟ್ಟಿಯಾಗಿರುವ ವಿಭಾಗವನ್ನು ಮೊದಲು ಮುಗಿಸಿ ಮನಸ್ಸಿಗೆ ಧೈರ್ಯ ತಂದುಕೊಳ್ಳಬೇಕು. ‘ಇವುಗಳಲ್ಲಿ ಯಾವುದು ಸರಿಯಲ್ಲ’ ಎಂಬಲ್ಲಿನ ‘ಅಲ್ಲ’ವನ್ನು ಅಡಿಗೆರೆ ಹಾಕಿ ಓದಬೇಕು, ಬಲ್ಲವರೂ ಎಡವುವುದು ಅಲ್ಲಿಯೇ. ತಪ್ಪಿಗೆ ಅಂಕ ಕಳೆಯದಿರುವುದರಿಂದ ಯಾವ ವೃತ್ತವನ್ನೂ ಖಾಲಿ ಬಿಡಬಾರದು. ಹಳೆಯ ಪ್ರಶ್ನೆಪತ್ರಿಕೆಗಳನ್ನು ಗಡಿಯಾರವಿಟ್ಟು ಬಿಡಿಸಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಒಂದರಿಂದ ಎಂಟನೆಯ ತರಗತಿಯ ವರೆಗಿನ ಸರ್ಕಾರಿ ಪಠ್ಯಪುಸ್ತಕಗಳನ್ನು ಮೊದಲ ಪುಟದಿಂದ ಕೊನೆಯ ಪುಟದ ವರೆಗೆ ಓದಬೇಕು. ದಪ್ಪನೆಯ ಮಾರ್ಗದರ್ಶಿಗಳಿಗಿಂತ ಅವೇ ನಂಬಿಗಸ್ತ ಗೆಳೆಯರು. ನಮ್ಮ ಜಿಲ್ಲೆಯ ಶಿಕ್ಷಣ ಮತ್ತು ತರಬೇತಿ ಸಂಸ್ಥೆಯು ಇಳಕಲ್ಲಿನಲ್ಲಿಯೇ ಇದೆ. ಅಭ್ಯರ್ಥಿಗಳು ಸಂಕೋಚವಿಲ್ಲದೆ ಅಲ್ಲಿಯ ಅನುಭವಿಗಳನ್ನು ಕಂಡು ವಿಚಾರಿಸಬಹುದು.

ಈ ಸಂಸ್ಥೆಯ ಹಳೆಯ ವಿದ್ಯಾರ್ಥಿಗಳಲ್ಲಿಯೂ ದಾನಿಗಳಲ್ಲಿಯೂ ನನ್ನದೊಂದು ವಿಜ್ಞಾಪನೆಯಿದೆ. ಕಟ್ಟಡಗಳಿಗೆ ತಾವು ಕೈಯೆತ್ತಿ ಕೊಟ್ಟಿದ್ದೀರಿ. ಭಾನುವಾರಗಳಂದು ತೆರೆದಿರುವ ಒಂದು ವಾಚನಾಲಯ, ಅಲ್ಲಿ ಎಲ್ಲ ತರಗತಿಗಳ ಪಠ್ಯಪುಸ್ತಕಗಳ ಎರಡೆರಡು ಪ್ರತಿಗಳು, ಹಳೆಯ ಪ್ರಶ್ನೆಪತ್ರಿಕೆಗಳ ಒಂದು ಕಟ್ಟು, ಒಳ್ಳೆಯದೊಂದು ನಿಘಂಟು, ದೂರದಿಂದ ಬರುವ ಹೆಣ್ಣುಮಕ್ಕಳಿಗೆ ಬಸ್ಸಿನ ವೆಚ್ಚ: ಇಷ್ಟಕ್ಕೆ ಹೆಚ್ಚಿನ ಹಣ ಬೇಕಾಗಿಲ್ಲ. ಗಣಿತ, ಇಂಗ್ಲಿಷ್‌ಗಳನ್ನು ಬಲ್ಲ ಹಳೆಯ ವಿದ್ಯಾರ್ಥಿಗಳು ತಿಂಗಳಿಗೊಂದು ಭಾನುವಾರ ಬಂದು ಪಾಠ ಹೇಳಿದರೆ ಅದು ಹಣಕ್ಕಿಂತಲೂ ಹೆಚ್ಚಿನ ದಾನ. ಮೂರು ಅಂಕಗಳಲ್ಲಿ ಹಿಂದೆ ಬಿದ್ದ ಒಬ್ಬ ಹುಡುಗಿಯನ್ನು ದಡ ಸೇರಿಸಿದರೆ, ಆಕೆ ತನ್ನ ಸೇವಾವಧಿಯಲ್ಲಿ ನೂರಾರು ಮಕ್ಕಳ ಕೈಹಿಡಿಯುತ್ತಾಳೆ.

ನನ್ನ ಸಮವಯಸ್ಕ ಶಿಕ್ಷಕರಿಗೆ ಒಂದು ಮಾತು. ಇಷ್ಟು ವರ್ಷ ಕಲಿಸಿದವರನ್ನು ಈಗ ಪರೀಕ್ಷಿಸುವುದು ನ್ಯಾಯವೇ ಎಂದು ಕೇಳುವ ಹಕ್ಕು ನಮಗಿದೆ, ಕೇಳಬೇಕಾದಲ್ಲಿ ಕೇಳೋಣ. ಆದರೆ ಹಾಗೆ ಕೇಳುತ್ತಲೇ ಪುಸ್ತಕವನ್ನೂ ತೆರೆಯೋಣ. ನಮ್ಮ ಕೈಯಿಂದ ಉತ್ತರಪತ್ರಿಕೆ ಪಡೆದ ಮಕ್ಕಳು ಎಷ್ಟು ಅಂಜಿಕೆಯಿಂದ ಅದನ್ನು ತಿರುವುತ್ತಿದ್ದರೆಂಬುದನ್ನು ಅರಿಯಲು ಇದಕ್ಕಿಂತ ಒಳ್ಳೆಯ ಅವಕಾಶ ದೊರೆಯಲಾರದು. ನಾಲ್ಕು ಉತ್ತರಗಳಲ್ಲಿ ಒಂದನ್ನು ಆರಿಸುವುದು ಒಂದು ದಿನದ ಕೆಲಸ. ಉಳಿದ ಮೂರು ಏಕೆ ಸಲ್ಲವೆಂದು ಮಕ್ಕಳಿಗೆ ತಾಳ್ಮೆಯಿಂದ ತಿಳಿಸಿಕೊಡುವುದು ಶಿಕ್ಷಕನ ಜೀವಮಾನದ ಕೆಲಸ. ಮುಂದಿನ ಪರೀಕ್ಷೆಗೆ ಕುಳಿತುಕೊಳ್ಳಲಿರುವ ನಮ್ಮೆಲ್ಲ ತರುಣ ತರುಣಿಯರಿಗೆ ವಿದ್ಯೆ ಕೈಗೂಡಲಿ, ಶ್ರಮ ಫಲಿಸಲಿ ಎಂದು ಹಾರೈಸಿ ಈ ಲೇಖನವನ್ನು ಮುಗಿಸುತ್ತೇನೆ.